ಇಂಜೆಕ್ಷನ್ ಚಾಲು

ಈ ಕಥೆಯಲ್ಲಿ ಸುಳ್ಳುಗಳು ಬಹಳ. ಈರುಳ್ಳಿ ಹೋಳನ್ನು ಕಾಲುಚೀಲದೊಳಗಿಟ್ಟು ಮಲಗಿದರೆ ಜ್ವರ ಇಳಿಯುತ್ತದೆ ಎನ್ನುವುದು ಒಂದು. ಅಕ್ಕಿಗೆ ಪ್ಲಾಸ್ಟಿಕ್ ಬೆರೆಸುತ್ತಾರೆ, ಅದರ ಅನ್ನವನ್ನು ಉಂಡೆ ಕಟ್ಟಿ ಗೋಡೆಗೆ ಹೊಡೆದರೆ ಚೆಂಡಿನ ಹಾಗೆ ಪುಟಿಯುತ್ತದೆ ಎನ್ನುವುದು ಇನ್ನೊಂದು. ಸಕ್ಕರೆ ಕಾಯಿಲೆ ನಲವತ್ತೆಂಟು ದಿನಕ್ಕೆ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತದೆ ಎನ್ನುವುದು ಮತ್ತೊಂದು. ಆದರೆ ಗಂಗರತ್ನಮ್ಮನ ಮನೆಗೆ ದೊಡ್ಡ ಪೆಟ್ಟು ಕೊಟ್ಟಿದ್ದು ಇವ್ಯಾವುವೂ ಅಲ್ಲ. ಅದು ಬರೀ ಹನ್ನೊಂದು ಸೆಕೆಂಡಿನ ಸುಳ್ಳು. ಹೇಳಿದವನು ಸುಳ್ಳು ಹಿಡಿಯುವುದರಲ್ಲೇ ಹೆಸರು ಮಾಡಿದವನು. ಹೇಳಿದ ಉದ್ದೇಶವೂ ಒಳ್ಳೆಯದೇ. ನಡೆದದ್ದನ್ನು ಬಣ್ಣ ಹಚ್ಚದೆ ಹೇಳಿಬಿಡುವುದು ವಾಸಿ; ಹಚ್ಚಿದರೆ ಆ ಸುಳ್ಳು ಹಿಡಿಯುವ ವೇಣುಗೋಪಾಲನೇ ಬಂದು ಉಗುರಲ್ಲಿ ಕೆರೆದು ನೋಡುತ್ತಾನೆ.

ವೇಣುಗೋಪಾಲ್ ಮಾಲೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಗಂಗರತ್ನಮ್ಮನ ಒಬ್ಬನೇ ಮಗ. ಸಂಜೆ ಕಾಫಿ ಕುಡಿದಾದ ಮೇಲೆ ಊಟದ ಮೇಜಿನ ಮೇಲೆ ಮೂರು ಹಿಟ್ಟಿನ ಡಬ್ಬ ಪೇರಿಸಿ, ಅದಕ್ಕೆ ಮೊಬೈಲು ಆನಿಸಿ, 'ಸುಳ್ಳಿನ ಸಿಪ್ಪೆ' ಎಂಬ ತನ್ನ ಚಾನೆಲ್ಲಿಗೆ ಮಾತಾಡುತ್ತಿದ್ದ. ವಾಟ್ಸಾಪಿನಲ್ಲಿ ಬಂದ ಒಂದೊಂದು ಸುಳ್ಳನ್ನೂ ಹಿಡಿದು ತಂದು ಸುಲಿಯುವುದು ಅಲ್ಲಿನ ಕೆಲಸ. ಪಡಿತರದ ಅಕ್ಕಿಯನ್ನೂ ಪ್ಲಾಸ್ಟಿಕ್ ಚೂರನ್ನೂ ಅಕ್ಕಪಕ್ಕ ಸುಟ್ಟು ತೋರಿಸಿದ್ದ. ಜನ ನೋಡುತ್ತಿದ್ದದ್ದು ಮಾತ್ರ ಕೆಮಿಸ್ಟ್ರಿಗಲ್ಲ, ಅಣಕಕ್ಕೆ. ಟಿವಿ ಜ್ಯೋತಿಷಿಯ ಕೆಮ್ಮು, ಬಸ್ ಸ್ಟ್ಯಾಂಡಿನ ಮೂಲವ್ಯಾಧಿ ಡಾಕ್ಟರ ಪಿಸುಮಾತು, ಎಲ್ಲ ಅವನ ಗಂಟಲಲ್ಲಿತ್ತು. ಎಲ್ಲಕ್ಕಿಂತ ಹೆಚ್ಚು ಲೈಕು ಗಿಟ್ಟಿಸಿದ್ದು 'ರಾಯಲ್ಪಾಡತ್ತೆ': ಏನು ಬಂದರೂ ನಂಬಿ, ನಂಬಿದ್ದನ್ನು ಹತ್ತು ಜನಕ್ಕೆ ಕಳಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ದಬಾಯಿಸುವ ಮುದುಕಿ.

ಗಂಗರತ್ನಮ್ಮ ಹುಟ್ಟಿ ಬೆಳೆದದ್ದು ಶ್ರೀನಿವಾಸಪುರದಾಚೆಯ ರಾಯಲ್ಪಾಡಿನಲ್ಲಿ. ಮದುವೆಯಾಗಿ ಮಾಲೂರಿಗೆ ಬಂದು ನಲವತ್ತೈದು ವರ್ಷವಾಗಿದ್ದರೂ ಅವಳ ಕನ್ನಡದ ಸೊಂಟದಲ್ಲಿ ತೆಲುಗಿನ ಗಂಟು ಹಾಗೇ ಇತ್ತು. ಒಂದು ದಿನ ಮೊಮ್ಮಗಳು ದಿವ್ಯಳ ಮೊಬೈಲಿನಲ್ಲಿ ಆ ವಿಡಿಯೋ ನೋಡಿ ಮಗನನ್ನು ಕೇಳಿದ್ದಳು.

"ಇದು ನಾನೇನ್ರಾ?"

"ನೀನಲ್ಲಮ್ಮ, ನಿನ್ನಂಥೋರು."

"ನನ್ನಂಥೋರು ಅಂದ್ರೆ ನಾನೇ ಕಾದಾ, ಅಲ್ವಾ?"

ಅಂದು ನಕ್ಕಿದ್ದಳು. ನಕ್ಕಳಲ್ಲ ಎಂದು ವೇಣು ಇನ್ನೂ ನಾಲ್ಕು ವಿಡಿಯೋ ಮಾಡಿದ.

ಯುಗಾದಿ ಕಳೆದ ವಾರ ಜಗಳ ಶುರುವಾಯಿತು. ಬೆಳಗಿನ ತಿಂಡಿಗೆ ಮೊದಲು ಸೊಸೆ ಸುನಂದ ಫ್ರಿಡ್ಜಿನಿಂದ ಇನ್ಸುಲಿನ್ ಸೀಸೆ ತಂದು ಅತ್ತೆಯ ಮುಂದಿಟ್ಟಳು. ಗಂಗರತ್ನಮ್ಮ ಅದನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸಿದಳು.

"ಬೆಳಗಿಂದು ಬಿಟ್ಟಿದ್ದೀನಮ್ಮ. ರಾತ್ರಿದು ಮಾತ್ರ."

"ಬಿಟ್ಟಿದ್ದೀರಾ? ಯಾವತ್ತಿಂದ ಅತ್ತೆ?"

"ಹೋಳಿ ಹುಣ್ಣಿಮೆಯಿಂದ. ಗುರೂಜಿಗಾರು ಒಂದೊಂದಾಗಿ ಬಿಡಿಸ್ತಾರೆ. ಒಂದೇ ಸಲ ಬಿಟ್ರೆ ಮೈ ತಡಿಯಲ್ಲ ಅಂತೆ."

"ಬಿಡ್ಲಿ ಬಿಡು," ಎಂದ ಗಂಗರತ್ನಮ್ಮನ ಗಂಡ ಚನ್ನರಾಯಪ್ಪ. ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ನಿವೃತ್ತನಾದವನು, ತಟ್ಟೆಯಿಂದ ತಲೆ ಎತ್ತದೆಯೇ ಮಾತಾಡುವವನು. "ಹಿಂಗೇ ಒಂದೊಂದಾಗಿ ಬಿಡ್ತಾ ಇದ್ರೆ ಕೊನೇಗೆ ಉಸಿರೂ ಬಿಡ್ತಾಳೆ."

ಗುರೂಜಿ ಎಂದರೆ ಯೂಟ್ಯೂಬಿನ ಬೇರು ಗುರೂಜಿ. ಹಿಂದೊಂದು ಆಲದ ಮರದ ಪಟ, ಮುಂದೊಂದು ಕಲ್ಲಿನ ಒರಳು, ಬಾಯಿ ತುಂಬ ತೆಲುಗು ಬೆರೆತ ಕನ್ನಡ. ಕಹಿಪುಡಿಯ ಡಬ್ಬ ಕೊರಿಯರಿನಲ್ಲಿ ಬರುತ್ತಿತ್ತು. ಬೆಳಿಗ್ಗೆ ಬರಿಗಾಲಲ್ಲಿ ಮಣ್ಣು ತುಳಿದರೆ ಸಕ್ಕರೆ ಭೂಮಿಗಿಳಿಯುತ್ತದೆ ಎಂದೂ ಅವನು ಹೇಳಿದ್ದ. ಗಂಗರತ್ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಇಪ್ಪತ್ತು ಸುತ್ತು ತುಳಿಯುತ್ತಿದ್ದಳು.

ವೇಣು ಎದ್ದು ನಿಂತು ಎರಡೂ ಕೈ ಜೋಡಿಸಿ ಗುರೂಜಿಯಾಗಿಬಿಟ್ಟ. "ಅಮ್ಮಲಾರಾ, ಅಕ್ಕಲಾರಾ! ಸಕ್ಕರೆ ಕಾಯಿಲೆಗೆ ಸಕ್ಕರೆ ಶತ್ರು ಅಲ್ಲ! ಡಾಕ್ಟರೇ ಶತ್ರು! ಒಂದು ಡಬ್ಬ ತಗೊಂಡ್ರೆ ಕಾಯಿಲೆ ಮಾಯ, ಎರಡು ಡಬ್ಬ ತಗೊಂಡ್ರೆ ರೋಗೀನೇ ಮಾಯ!"

ಮೂಗಿನಿಂದ ಬರುವ ಆ ಎಳೆತ, ವಾಕ್ಯದ ಕೊನೆಯ ಆ ಜೋಗುಳ, ಕಣ್ಣು ಮುಚ್ಚಿದರೆ ಗುರೂಜಿಯೇ. ದಿವ್ಯಳಿಗೆ ನಗು ತಡೆಯದೆ ಉಪ್ಪಿಟ್ಟು ನೆತ್ತಿಗೇರಿತು. ಗಂಗರತ್ನಮ್ಮ ನಗಲಿಲ್ಲ.

"ಆಯನ, ಅವರು, ನನ್ನ ಹೆಸರು ಹಿಡಿದು ಕರೀತಾರೆ ಕಣೋ. 'ಗಂಗರತ್ನಮ್ಮಗಾರೂ, ಬಾಗುನ್ನಾರಾ, ಚೆನ್ನಾಗಿದ್ದೀರಾ' ಅಂತ ದಿನಾ ಕೇಳ್ತಾರೆ."

"ಅದು ನೀನು ಫಾರಂನಲ್ಲಿ ತುಂಬಿದ ಹೆಸರಮ್ಮ. ಕಂಪ್ಯೂಟರ್ ಓದುತ್ತೆ, ಅಷ್ಟೇ."

"ಕಂಪ್ಯೂಟರಾದ್ರೂ ಕೇಳ್ತದಲ್ಲ," ಎಂದು ತಟ್ಟೆ ತಗೊಂಡು ಎದ್ದಳು.

ಆಮೇಲಿನ ಮೂರು ದಿನ ಮನೆಯಲ್ಲಿ ಎರಡು ಹೊತ್ತೂ ಅದೇ ರಂಪ. ವೇಣು ಗುರೂಜಿಯ ಪುಡಿಯನ್ನು ಕಾಲೇಜಿನ ಲ್ಯಾಬಿಗೆ ಒಯ್ದು ತಂದು, ಮೆಂತ್ಯ, ನೇರಳೆ ಬೀಜ, ಬೇವು, ಬೇರೇನೂ ಇಲ್ಲ ಎಂದು ಸಾರಿದ. "ಒಳ್ಳೇದೇ ಇದೆ ಅಂತ ನೀನೇ ಹೇಳ್ತಿದ್ದೀಯಲ್ಲ!" ಎಂದಳು ತಾಯಿ. ಅವನು ತಲೆ ಚಚ್ಚಿಕೊಂಡ. ಮಾತಿಗೆ ಮಾತು ಬೆಳೆದು ಅವಳು ಒಂದು ರಾತ್ರಿ ಮುದ್ದೆ ಮುಟ್ಟದೆ ಮಲಗಿದಳು.

ದಾರಿ ಕಂಡುಹಿಡಿದವಳು ದಿವ್ಯ. ಹದಿನಾರರ ಹುಡುಗಿ, ಅಣಕಿಸಲು ಬರುತ್ತಿರಲಿಲ್ಲ. ಅಜ್ಜಿಯ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು.

"ಅಜ್ಜಿ, ಗುರೂಜಿ ಹೇಳೋದು ನಿಜ ಅಂತಿಟ್ಕೋ. ಸಕ್ಕರೆ ನೋಡೋ ಮಿಷನ್ನಿಗೂ ಅದು ಗೊತ್ತಾಗ್ಬೇಕಲ್ವಾ?"

"ಆಗ್ಬೇಕು."

"ಆಗ್ಲಿಲ್ಲ ಅಂದ್ರೆ?"

"ಗುರೂಜಿಗಾರನ್ನ ಕೇಳ್ತೀನಿ."

"ಅದಲ್ಲ. ಈಗ್ಲೇ ಹೇಳ್ಬೇಕು ನೀನು. ಬೆಳಿಗ್ಗೆ ಬರೀ ಹೊಟ್ಟೇಲಿ ಎಷ್ಟು ಬಂದ್ರೆ ಪುಡಿ ಸೋತಂಗೆ? ಆಮೇಲೆ ಮಾತು ಬದಲಾಯಿಸೋ ಹಂಗಿಲ್ಲ."

ಗಂಗರತ್ನಮ್ಮ ಒಂದು ಕಾಯಿ ಪೂರ್ತಿ ಬಿಡಿಸುವವರೆಗೂ ಯೋಚಿಸಿದಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು ಇಂಥದ್ದೊಂದು ಕೇಳಿರಲಿಲ್ಲ.

"ಇನ್ನೂರು ದಾಟಿದ್ರೆ ಸೋತಂಗೆ. ಎರಡು ವಾರ ನೋಡೋಣ. ಎರಡು ವಾರವೂ ದಾಟಿದ್ರೆ ನಿಮ್ಮ ಸೂಜಿ ಎರಡು ಹೊತ್ತೂ ಚುಚ್ಕೋತೀನಿ, ಸರಿನಾ?"

ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದರು. ಅಜ್ಜಿ ತಾನೇ ಬೆರಳು ಚುಚ್ಚಿಕೊಂಡು, ತಾನೇ ಅಂಕಿ ಓದಿ, ತಾನೇ ಬರೆದಳು. ಇನ್ನೂರ ಮೂವತ್ತೆರಡು. ಇನ್ನೂರ ನಲವತ್ತೊಂದು. ಇನ್ನೂರ ಇಪ್ಪತ್ತೆಂಟು. ಇನ್ನೂರ ಐವತ್ತಾರು. ನಾಲ್ಕನೆಯ ದಿನ ಪೆನ್ನಿನ ಮುಚ್ಚಳ ಹಾಕುತ್ತಾ, "ಒಂದು ಸಲಾನೂ ಗೆಲ್ಲಲಿಲ್ಲ ಕಣೇ ಆಯನ," ಎಂದಳು, ಯಾರೋ ಬೇಕಾದವರ ಮಗ ಫೇಲಾದ ಹಾಗೆ.

ಐದನೆಯ ದಿನ ಮಿಷನ್ನಿಗೆ ಹಾಕುವ ಸ್ಟ್ರಿಪ್ಪು ಮುಗಿದಿತ್ತು. ಮುಖ್ತಿಯಾರ್ ಭಾಯ್ ಮೆಡಿಕಲ್ಲಿನಿಂದ ತರಬೇಕೆಂದು ದಿವ್ಯ ಅಪ್ಪನಿಗೆ ಹೇಳಿದಳು. ವೇಣು ಎರಡು ದಿನ ಮರೆತ. ಮೂರನೆಯ ದಿನ ಅಂಗಡಿಯ ಮುಂದೆಯೇ ಬಂದ, ಗಾಡಿ ನಿಲ್ಲಿಸಲಿಲ್ಲ. ಅವನಿಗೆ ಅಷ್ಟರಲ್ಲಿ ಇದಕ್ಕಿಂತ ಚುರುಕಾದ ಉಪಾಯ ಹೊಳೆದಿತ್ತು. ಎರಡು ವಾರ ಗೆರೆ ಎಳೆಯುವುದು ಯಾಕೆ? ಗುರೂಜಿಯ ಬಾಯಿಂದಲೇ ಹೇಳಿಸಿದರೆ ಒಂದು ನಿಮಿಷದ ಕೆಲಸ.

ಮನೆಯಲ್ಲಿದ್ದ ಹಳೇ ಫೋನಿಗೆ ಹೊಸ ಸಿಮ್ ಹಾಕಿ, ಗುರೂಜಿಯ ಫೋಟೋ ಅಂಟಿಸಿ ವಾಟ್ಸಾಪ್ ತೆರೆದ. ತಾಯಿ ಸ್ನಾನಕ್ಕೆ ಹೋದಾಗ ಅವಳ ಮೊಬೈಲಿನಲ್ಲಿ ಆ ನಂಬರನ್ನು 'ಗುರೂಜಿ ಸ್ವಂತ' ಎಂದು ಸೇವ್ ಮಾಡಿದ. ಅವಳು ನಿಜವಾದ ಗುರೂಜಿಗೆ ಕಳಿಸಿ ಉತ್ತರ ಕಾಣದ ವಾಯ್ಸ್ ಮೆಸೇಜುಗಳು ಅಲ್ಲೇ ಸಾಲಾಗಿದ್ದವು. ಒಂದನ್ನು ಒತ್ತಿ ಹತ್ತು ಸೆಕೆಂಡು ಕೇಳಿದ. ತಾಯಿ ಗುರೂಜಿಯನ್ನು ಹೇಗೆ ಕರೆಯುತ್ತಾಳೆ ಎಂದು ತಿಳಿಯಬೇಕಿತ್ತು, ತಿಳಿಯಿತು. ಸ್ನಾನದ ಮನೆಯಲ್ಲಿ ಚೊಂಬಿನ ಸದ್ದು ನಿಂತಿತು. ಉಳಿದದ್ದನ್ನು ಕೇಳದೆ ಇಟ್ಟುಬಿಟ್ಟ.

ಉದ್ದ ಮಾತಾಡಿದರೆ ತೆಲುಗು ಎಡವಿ ಸಿಕ್ಕಿಬೀಳುತ್ತೇನೆ ಎಂಬ ಭಯ ಅವನಿಗೆ. ಪುಡಿಯನ್ನು ಬೈದರೆ ಅವಳಿಗೆ ಅನುಮಾನ ಬರುತ್ತದೆ. ಮೆಂತ್ಯ ತಾನೇ, ತಿನ್ನಲಿ, ಸೂಜಿ ಚುಚ್ಚಿಕೊಂಡರೆ ಸಾಕು. ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತು, ಮೂಗಿಗೆ ಗಾಳಿ ತುಂಬಿಕೊಂಡು ಹೇಳಿದ:

"ಗಂಗರತ್ನಮ್ಮಗಾರೂ, ಮೀ ಮಾಟ ವಿನ್ನಾನು. ಪುಡಿ ತೀಸ್ಕೋಂಡಿ. ಇಂಜೆಕ್ಷನ್ ಚಾಲು. ಭಯಂ ವದ್ದು."

ನಿಮ್ಮ ಮಾತು ಕೇಳಿದೆ, ಪುಡಿ ತಗೊಳ್ಳಿ, ಇಂಜೆಕ್ಷನ್ ಮತ್ತೆ ಚಾಲೂ ಮಾಡಿ, ಹೆದರಬೇಡಿ. ಹನ್ನೊಂದು ಸೆಕೆಂಡು. ತಾನೇ ಎರಡು ಸಲ ಕೇಳಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಕಳಿಸಿದ.

ಕೆಳಗೆ ಬಂದಾಗ ತಾಯಿ ಒದ್ದೆ ತಲೆಗೆ ಟವೆಲು ಸುತ್ತಿ, ಮೊಬೈಲನ್ನು ಕಿವಿಗೊತ್ತಿಕೊಂಡು ನಡುಮನೆಯಲ್ಲಿ ನಿಂತಿದ್ದಳು. ಕಣ್ಣಲ್ಲಿ ನೀರು.

"ಏನಮ್ಮ?"

"ಗುರೂಜಿಗಾರು. ಅವರೇ, ಸ್ವಂತ ಮಾತಾಡಿದ್ದಾರೆ ಕಣೋ ನನ್ನ ಹತ್ರ." ಅವಳ ಮುಖ ಮದುವಣಗಿತ್ತಿಯದ್ದಾಗಿತ್ತು. "ಸೂಜಿ ವಿಷಯ ಇನ್ನ ಯಾರೂ ನನ್ನ ಕೇಳಬೇಡಿ. ಅವರು ಹೇಳಿದಂಗೆ ಮಾಡ್ತೀನಿ."

"ಆಯ್ತಮ್ಮ, ಅವರು ಹೇಳಿದಂಗೇ ಮಾಡು," ಎಂದ ವೇಣು ಬಹಳ ವಿನಯದಿಂದ.

ಹಳೇ ಫೋನನ್ನು ಆರಿಸಿ, ಬೀರುವಿನ ಖಾನೆಯೊಳಗೆ ಹಾಕಿದ. ಅಂದೇ ಸುನಂದಳಿಗೆ ವಿಷಯ ಒಡೆದ. ಅವಳು ನಗುತ್ತಾಳೆಂದು ಕಾದ. ಸುನಂದ ಸೌಟು ಕೆಳಗಿಟ್ಟಳು.

"ದಿವ್ಯ ಅಷ್ಟು ಚೆನ್ನಾಗಿ ಮಾಡ್ತಿದ್ಲು. ಅತ್ತೆ ತಾವೇ ಒಪ್ಕೊಳ್ತಿದ್ರು. ನೀವು ಹೋಗಿ ಸುಳ್ಳು ಹಾಕಿ ಸುಳ್ಳು ತೊಳಿತೀರಾ?"

"ಕೆಲಸ ಆಯ್ತಾ ಇಲ್ವಾ ಅದು ನೋಡೇ. ಇನ್ಮೇಲೆ ಅಮ್ಮನ್ನ ಸೂಜಿ ಸೂಜಿ ಅಂತ ಕಾಡಬೇಡಿ. ಗುರೂಜಿ ಮಾತು ಮೀರಲ್ಲ ಅವಳು."

ಅದು ನಿಜವೇ. ಮೀರಲಿಲ್ಲ.

ಮಾರನೆಯ ವಾರದಿಂದ ವೇಣುವಿಗೆ ಬೆಂಗಳೂರಿನಲ್ಲಿ ಪಿಯು ಪೇಪರ್ ತಿದ್ದುವ ಡ್ಯೂಟಿ. ಬೆಳಿಗ್ಗೆ ಕತ್ತಲಿರುವಾಗಲೇ ರೈಲು, ಸಂಜೆ ನೇತಾಡಿಕೊಂಡು ವಾಪಸು. ಬಂದವನು ಬ್ಯಾಗು ಎಸೆದು ಸೋಫಾದ ಮೇಲೆ ಬೀಳುತ್ತಿದ್ದ. ದಿವ್ಯ ಕ್ಯಾಲೆಂಡರನ್ನು ತಿರುಗಿಸಿ ದೇವರ ಮುಖ ಹೊರಗೆ ಮಾಡಿ ನೇತುಹಾಕಿದಳು. ಕೇಳಬೇಡಿ ಎಂದ ಮೇಲೆ ಯಾರೂ ಕೇಳಲಿಲ್ಲ.

ಏಪ್ರಿಲ್ ಕೊನೆಗೆ ರಾಯಲ್ಪಾಡಿನಿಂದ ಗಂಗರತ್ನಮ್ಮನ ತಮ್ಮ ಒಂದು ಕ್ರೇಟು ಬಾದಾಮಿ ಮಾವು ಕಳಿಸಿದ. ಊಟವಾದ ಮೇಲೆ ಅವಳು ಒಂದು ಹಣ್ಣನ್ನು ಪೂರ್ತಿ ತಿಂದು, ಓಟೆಯನ್ನೂ ಚೀಪಿದಳು.

"ಏಮೇ, ಸಕ್ಕರೆ ಇಳೀತಾ?" ಎಂದು ಕೆಣಕಿದ ಚನ್ನರಾಯಪ್ಪ.

"ಇಳೀದೆ ಏನು? ಗುರೂಜಿಗಾರು ಭಯಂ ವದ್ದು ಅಂದಿದ್ದಾರೆ."

ಚನ್ನರಾಯಪ್ಪ ಮಗನ ಮುಖ ನೋಡಿದ. ಸೋಫಾದಲ್ಲಿದ್ದ ವೇಣು, "ಒಂದು ತಿನ್ಲಿ ಬಿಡಪ್ಪ, ಸೂಜಿ ಹೋಗ್ತಿದೆಯಲ್ಲ," ಎಂದು ಕಣ್ಣು ಮುಚ್ಚಿದ.

ಸೀಸೆಯಲ್ಲಿ ಮದ್ದು ಇಳಿಯದಿರುವುದನ್ನು ಮೊದಲು ಕಂಡವಳು ಸುನಂದ. ಮೊಸರಿನ ಪಾತ್ರೆ ಸರಿಸುವಾಗ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ಅತ್ತೆಯನ್ನು ಕೇಳಿಯೇಬಿಟ್ಟಳು.

"ನಿನಗೆ ಯಾಕಮ್ಮ ಅದು?" ಗಂಗರತ್ನಮ್ಮ ಸಿಡುಕಿದಳು. "ನಿನ್ನ ಗಂಡನೇ ಹೇಳಿದ್ದಾನೆ ಅವರು ಹೇಳಿದಂಗೆ ಮಾಡು ಅಂತ. ಅವನನ್ನೇ ಕೇಳ್ಕೋ ಹೋಗು."

ಸುನಂದ ಗಂಡನಿಗೆ ಫೋನು ಮಾಡಿದಳು. ರೈಲಿನ ಗದ್ದಲದಲ್ಲಿ ಅವನು ನಕ್ಕ. "ಹೊಸ ಸೀಸೆ ಒಡೆದಿರ್ತಾಳೆ ಕಣೇ. ಗುರೂಜಿ ನಾನೇ, ಹೇಳ್ತಿದ್ದೀನಲ್ಲ, ಚಿಂತೆ ಬಿಡು." ಆಕೆಗೂ ಹಿಟ್ಟು ಕಲಸುವುದಿತ್ತು, ಬಟ್ಟೆ ಒಣಹಾಕುವುದಿತ್ತು. ಅಲ್ಲಿಗೆ ಬಿಟ್ಟಳು.

ಮೇ ಎರಡನೆಯ ವಾರ ಗಂಗರತ್ನಮ್ಮ ಅಡುಗೆಮನೆಗೆ ಬರುವುದು ಕಡಿಮೆಯಾಯಿತು. ರೂಮಿನಲ್ಲಿ ಊದುಬತ್ತಿ ಹಚ್ಚಿಕೊಂಡು ಕೂರುತ್ತಿದ್ದಳು. ಎಡಗಾಲಿಗೆ ಹಳೇ ಸೀರೆಯ ಚಿಂದಿ ಸುತ್ತಿದ್ದಳು. ಏನೆಂದು ಕೇಳಿದರೆ ಹಿಮ್ಮಡಿ ಒಡಕು ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ದಿವ್ಯ ಕಾಫಿ ಕೊಡಲು ಹೋದಳು. ಊದುಬತ್ತಿಯ ಕೆಳಗೆ ಬೇರೊಂದು ವಾಸನೆ. ಅಜ್ಜಿ ಮಂಚದ ಮೇಲೆ ನಡುಗುತ್ತಾ, ತೆಲುಗಿನಲ್ಲಿ ತನ್ನ ಸತ್ತುಹೋದ ಅಮ್ಮನ ಹತ್ತಿರ ಮಾತಾಡುತ್ತಿದ್ದಳು. ಚಿಂದಿ ಬಿಚ್ಚಿದ ದಿವ್ಯ ಕಿರುಚಿದ್ದು ಬೀದಿಗೆ ಕೇಳಿತು.

ಕೋಲಾರದ ಆಸ್ಪತ್ರೆಯಲ್ಲಿ ಸಕ್ಕರೆ ಐನೂರ ನಲವತ್ತು ಎಂದರು. ಡ್ರಿಪ್ಪು ಹಾಕಿ, ಮದ್ದು ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಮಾತು ತಿಳಿಯಾಯಿತು. ಎಳೆಯ ಡಾಕ್ಟರು, ಹುಬ್ಬಳ್ಳಿ ಕಡೆಯವನು, ಚೀಟಿ ಹಿಡಿದು ಪಕ್ಕ ನಿಂತ.

"ಇನ್ಸುಲಿನ್ ಯಾವಾಗ ನಿಲ್ಲಿಸಿದ್ರಿ ಅಮ್ಮಾ?"

"ನಾನಾಗಿ ನಿಲ್ಲಿಸ್ಲಿಲ್ಲ ಸಾರ್. ಬೆಳಗಿಂದು ಮೊದಲೇ ಬಿಟ್ಟಿದ್ದೆ. ರಾತ್ರಿದು ಬಿಡೋಕೆ ಧೈರ್ಯ ಬರಲಿಲ್ಲ, ಹಾಕ್ಕೋತಾನೇ ಇದ್ದೆ. ಆಮೇಲೆ ಗುರೂಜಿಗಾರು ಸ್ವಂತ ಹೇಳಿದ್ರು. ಪುಡಿ ತೀಸ್ಕೋಂಡಿ, ಇಂಜೆಕ್ಷನ್ ಚಾಲು, ಭಯಂ ವದ್ದು ಅಂತ. ಅವತ್ತಿಂದ ಬಿಟ್ಟೆ."

"ಚಾಲೂ ಅಂದ್ರ ತಗೊಳ್ರಿ ಅಂತ ಹೇಳ್ದಂಗಾತಲ್ಲರಿ?"

"ಅಲ್ಲ ಸಾರ್. ಚಾಲು ಅಂದ್ರೆ ಸಾಕು ಅಂತ."

ಮಂಚದ ಕಾಲ ಬಳಿ ನಿಂತಿದ್ದ ವೇಣುವಿನ ಕೈಯಿಂದ ಎಳನೀರಿನ ಬಾಟಲಿ ಜಾರಿ ಉರುಳಿಕೊಂಡು ಹೋಯಿತು.

ಮೋಟರು ಚಾಲೂ ಮಾಡು, ಬಸ್ಸು ಚಾಲೂ ಆಯ್ತು, ಇದು ಮಾಲೂರಿನ ಚಾಲು. ಅನ್ನ ಬಡಿಸಲು ಬಂದರೆ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ಚಾಲು, ಚಾಲು ಎನ್ನುವುದು ರಾಯಲ್ಪಾಡಿನ ಚಾಲು. ಎರಡೂ ಅವನಿಗೆ ಗೊತ್ತಿತ್ತು. ಮಾತು ಬರುವ ಮೊದಲಿಂದ ಗೊತ್ತಿತ್ತು. ತೆಲುಗಿನ ನಡುವೆ ನಿಂತು ಕನ್ನಡದ ಚಾಲು ಹೇಳಿದ್ದ, ಅದೂ ಅಮ್ಮನ ಕಿವಿಗೆ.

ಸುನಂದ ಅವನ ಕಡೆ ತಿರುಗಿದಳು. ಬಗ್ಗಿ ಬಾಟಲಿ ಎತ್ತಿಕೊಟ್ಟಳು.

ಮೂರನೆಯ ದಿನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಸಹಿ ಹಾಕಲು ಚನ್ನರಾಯಪ್ಪನನ್ನು ಕರೆದರು. ಅವನು ಪೆನ್ನು ಹಿಡಿದು, "ಇದು ಅವಳದ್ದು ಕಣಪ್ಪ, ನಂದಲ್ಲ. ನಾನೆಂಗೆ ಕೊಡ್ಲಿ?" ಎಂದು ಅಲ್ಲೇ ಕುಕ್ಕರಿಸಿದ. ವೇಣು ಸಹಿ ಹಾಕಿದ.

ಆಪರೇಷನ್ ನಡೆಯುತ್ತಿದ್ದಾಗ ಅವನು ಬಟ್ಟೆಬರೆ ತರಲು ಮಾಲೂರಿಗೆ ಬಂದವನು ಬೀರು ತೆಗೆದ. ಹಳೇ ಫೋನಿಗೆ ಚಾರ್ಜರು ಸಿಕ್ಕಿಸಿದ. ಫೋನು ಎದ್ದಿತು, ಒಂದು ಸಲ ನಡುಗಿತು, ಮತ್ತೆ ನಡುಗಿತು. ಐದು ವಾಯ್ಸ್ ಮೆಸೇಜು. ನೆಲದ ಮೇಲೆ ಕೂತು ಒಂದೊಂದನ್ನೂ ಕೇಳಿದ.

ಮೊದಲನೆಯದರಲ್ಲಿ ಅವಳು ಗುರೂಜಿಗೆ ದೀರ್ಘಾಯುಷ್ಯ ಹರಸಿದ್ದಳು. ಎರಡನೆಯದರಲ್ಲಿ, ತಮ್ಮ ಹಣ್ಣು ಕಳಿಸಿದ್ದಾನೆ, ಒಂದು ತಿನ್ನಬಹುದಾ ಗುರೂಜಿಗಾರೂ, ನೀವು ಏನೂ ಅನ್ನದಿದ್ದರೆ ತಿನ್ನಬಹುದು ಅಂದ್ಕೋತೀನಿ.

ಮೂರನೆಯದು: "ಸೈಟಿನಲ್ಲಿ ನಡೆಯುವಾಗ ಗಾಜು ಹೊಕ್ಕಿದೆ. ನೋವಿಲ್ಲ. ನೋವೇ ಇಲ್ಲ, ಅದೇ ಭಯ. ಮನೇಲಿ ಹೇಳಿಲ್ಲ. ಹೇಳಿದ್ರೆ ನನ್ನ ಮಗ ನನ್ನ ಥರ ಮಾತಾಡಿ ತೋರಿಸ್ತಾನೆ, ಎಲ್ಲಾರೂ ನಗ್ತಾರೆ. ಒಳ್ಳೆ ಹುಡುಗನೇ. ನಿಮಗಾದ್ರೆ ಹೇಳಬಹುದು ಅಂತ."

ನಾಲ್ಕನೆಯದರಲ್ಲಿ ಕಪ್ಪಗಾಗಿದೆ, ವಾಸನೆ ಬರ್ತಿದೆ, ಯಾವ ಸೊಪ್ಪು ಕಟ್ಟಲಿ ಎಂದು ಕೇಳಿದ್ದಳು. ಐದನೆಯದರಲ್ಲಿ ಅವಳ ಮಾತೇ ಇರಲಿಲ್ಲ. ಬಟನ್ ಒತ್ತಿ, ಏನು ಹೇಳುವುದೆಂದು ತೋಚದೆ ಸುಮ್ಮನಿದ್ದಳು. ಉಸಿರಾಟ. ಗೇಟಿನ ಸದ್ದು. ಹಿಂದೆ ಎಲ್ಲೋ, ರೈಲಿನಿಂದ ಬಂದ ಒಂದು ಗಂಡು ದನಿ: "ಅಮ್ಮಾ, ಕಾಫಿ ಇದೆಯಾ?"

ಅಷ್ಟಕ್ಕೆ ಮುಗಿದಿತ್ತು.

ಗಂಗರತ್ನಮ್ಮನನ್ನು ಮನೆಗೆ ತಂದಾಗ ಜೂನ್ ಅರ್ಧ ಕಳೆದಿತ್ತು. ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದ ಕೌಸರ್, ಮೆಡಿಕಲ್ ಅಂಗಡಿ ಮುಖ್ತಿಯಾರನ ಹೆಂಡತಿ, ದಿನ ಬಿಟ್ಟು ದಿನ ಬಂದು ಗಾಯದ ಕಟ್ಟು ಬದಲಾಯಿಸುತ್ತಿದ್ದಳು. ಚನ್ನರಾಯಪ್ಪ ಈಗ ತಟ್ಟೆಯಿಂದ ತಲೆ ಎತ್ತಿ ಉಣ್ಣುತ್ತಿದ್ದ. ಹೆಂಡತಿಗೆ ಏನು ಬೇಕೋ ನೋಡಬೇಕಿತ್ತಲ್ಲ. ವೇಣು ಚಾನೆಲ್ಲಿಗೆ ಏನೂ ಹಾಕಿರಲಿಲ್ಲ. ಮನೆಯಲ್ಲಿ ಅವನ ಸ್ವಂತ ದನಿಯೂ ಕಡಿಮೆ ಕೇಳುತ್ತಿತ್ತು. ತಾಯಿಗೆ ಮಾತ್ರ ಅವನು ಇನ್ನೂ ಹೇಳಿರಲಿಲ್ಲ. ಹೇಳಿದರೆ ಈಗಷ್ಟೇ ಉಳಿದವಳು ಎದೆ ಒಡೆದು ಹೋಗುತ್ತಾಳೆ ಎಂದು ಸುನಂದಳಿಗೆ ಹೇಳುತ್ತಿದ್ದ, ತನಗೂ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಗಂಗರತ್ನಮ್ಮ ಸೂಜಿ ಬೇಡವೆಂದಳು.

"ಗುರೂಜಿಗಾರ ತಪ್ಪಿಲ್ಲಮ್ಮ. ಎರಡು ದಿನ ನಾನು ಪುಡಿ ಮರೆತಿದ್ದೆ, ಅದಕ್ಕೇ ಹಿಂಗಾಯ್ತು. ಅವರಿಗೇ ಮನಸ್ಸಿಗೆ ಬೇಜಾರಾಗಿರ್ಬೇಕು, ಜವಾಬೇ ಕೊಡ್ತಿಲ್ಲ. ಇನ್ನೊಂದು ಡಬ್ಬ ತರಿಸಿ."

ಸುನಂದ ಸಿರಿಂಜನ್ನು ತಟ್ಟೆಯಲ್ಲಿಟ್ಟು ನಡುಮನೆಗೆ ಬಂದಳು. "ಈಗ ಹೇಳ್ತೀರೋ, ನಾನೇ ಹೇಳ್ಲೋ? ಇನ್ನೊಂದು ಕಾಲೂ ಇದೆ ಅವರಿಗೆ."

ವೇಣು ಒಳಗೆ ಹೋದ. ಕೌಸರ್ ಆಗತಾನೇ ಹಳೇ ಕಟ್ಟು ಬಿಚ್ಚಿ ಗಾಯ ಒರೆಸುತ್ತಿದ್ದಳು. ಚನ್ನರಾಯಪ್ಪ ಹೆಂಡತಿಯ ಬೆನ್ನಿಗೆ ದಿಂಬು ಹಿಡಿದಿದ್ದ. ದಿವ್ಯ ಹತ್ತಿಯ ಉಂಡೆ ಕೊಡುತ್ತಿದ್ದಳು. ಅವನು ಮಂಚದ ಪಕ್ಕ ನೆಲದ ಮೇಲೆ ಕೂತು, ಹಳೇ ಫೋನನ್ನು ತಾಯಿಯ ಮಡಿಲಲ್ಲಿಟ್ಟ.

"'ಗುರೂಜಿ ಸ್ವಂತ' ಅಂದ್ರೆ ಈ ಫೋನಮ್ಮ. ಮಾತಾಡಿದ್ದು ನಾನು."

ಅವಳಿಗೆ ತಿಳಿಯಲಿಲ್ಲ. ಅವನು ಎಲ್ಲ ಹೇಳಿದ. ಟ್ಯಾಂಕಿನ ಮರೆ, ಹನ್ನೊಂದು ಸೆಕೆಂಡು, ತಾನು ಅಂದುಕೊಂಡ ಚಾಲು. ಹೇಳುತ್ತಾ ಎಲ್ಲೂ ಮೂಗಿಗೆ ಗಾಳಿ ತುಂಬಲಿಲ್ಲ. ಚನ್ನರಾಯಪ್ಪನ ಕೈಯಲ್ಲಿದ್ದ ದಿಂಬು ಕೆಳಗಿಳಿಯಿತು.

"ನಾನು ಕಳಿಸಿದ್ದೆಲ್ಲ ಇದರಲ್ಲಿದೆಯಾ?" ಎಂದಳು ಗಂಗರತ್ನಮ್ಮ.

"ಇದೆಯಮ್ಮ."

"ಕೇಳಿದೆಯಾ?"

"ಕೇಳ್ದೆ. ಕಾಲು ತೆಗೆಯೋ ದಿನ."

"ಅವತ್ತು," ಎಂದಳು. ಫೋನನ್ನು ಅವನ ಕಡೆ ಸರಿಸಿದಳು.

"ಅದನ್ನ ಹಾಕು. ಗುರೂಜಿದು."

ಅವನು ಒತ್ತಿದ. ಪುಡಿ ತೀಸ್ಕೋಂಡಿ. ಇಂಜೆಕ್ಷನ್ ಚಾಲು. ಭಯಂ ವದ್ದು. ಅವಳು ಇನ್ನೊಮ್ಮೆ ಹಾಕಿಸಿದಳು. ಮೂರನೆಯ ಸಲ ತಾನೇ ಒತ್ತಿ, ತಲೆ ವಾಲಿಸಿ, ಮಗುವಿನ ಉಸಿರು ಆಲಿಸುವ ಹಾಗೆ ಆಲಿಸಿದಳು.

"ನೀನೇ ಕಣೋ," ಎಂದಳು ನಿಧಾನವಾಗಿ. "ಕೊನೇಲಿ ಉಸಿರು ಎಳ್ಕೋತೀಯಲ್ಲ, ಅದು ನೀನೇ. ಚಿಕ್ಕವನಿದ್ದಾಗ ಸುಳ್ಳು ಹೇಳೋವಾಗೆಲ್ಲ ಹಂಗೇ ಎಳ್ಕೋತಿದ್ದೆ. ನನಗೆ ತಿಳೀಲಿಲ್ಲ ನೋಡು." ಅವಳ ಬಾಯಿಯ ಅಂಚು ಅಲುಗಿತು. ಅಳುತ್ತಾಳೆಂದು ದಿವ್ಯ ಹತ್ತಿರ ಸರಿದಳು.

"ಅಯ್ಯೋ ನಾಯನಾ, ಒಂದು ಚಾಲಿಗೆ ಒಂದು ಕಾಲು ಕೊಟ್ನಲ್ಲೋ!"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾಕ್ರಾ ಎಲ್ಲಾರೂ ಹಂಗೆ ಕೂತಿದ್ದೀರ? ಕಾಲು ಹೋದ್ರೆ ಮುಕ್ಕಾಲು ಉಳೀತದೆ! ಅಷ್ಟೂ ಲೆಕ್ಕ ಬರ್ದಾ ನಿನಗೆ, ಮೇಷ್ಟ್ರು ನೀನು?"

ಅಂದವಳೇ ನಕ್ಕಳು. ಮೊದಲು ಗಂಟಲಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಇಡೀ ಮೈಯಲ್ಲಿ. ಚನ್ನರಾಯಪ್ಪ ಗೋಡೆಗೆ ಮುಖ ತಿರುಗಿಸಿ ನಕ್ಕನೋ ಅತ್ತನೋ ಹೆಗಲು ಮಾತ್ರ ಅಲ್ಲಾಡಿತು. ದಿವ್ಯಳಿಗೆ ಅಳುವಿನ ನಡುವೆ ನಗು ಬಂತು. ಬಾಗಿಲಲ್ಲಿದ್ದ ಸುನಂದ ಸೆರಗನ್ನು ಬಾಯಿಗಿಟ್ಟುಕೊಂಡಳು. ವೇಣು ಮಂಚದ ಅಂಚಿಗೆ ಹಣೆ ಹಚ್ಚಿ ಕೂತಿದ್ದ. ಅವನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವಳು ಅವಳೇ, ಮಗನ ಕೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮೂಗು ಒಂದಾಗಿ ಹರಿಯುತ್ತಾ.

"ಅಮ್ಮೀ, ಸಾಕು ಸಾಕು, ಅಲ್ಲಾಡಬೇಡಿ," ಎಂದಳು ಕೌಸರ್, ಎರಡೂ ಕೈಯಲ್ಲಿ ಆ ಮೊಂಡುಗಾಲನ್ನು ಒತ್ತಿಹಿಡಿದು. "ನೀವು ಹಿಂಗೆ ನಕ್ಕರೆ ನಾನು ಕಟ್ಟು ಎಂಗೆ ಕಟ್ಟಲಿ?"